ಘನವಸ್ತುಗಳ ಹೀಟ್ ಕೆಪ್ಯಾಸಿಟಿಗೆ, ಅಂದರೆ ಒಂದು ಡಿಗ್ರಿ ಬಿಸಿ ಮಾಡಲು ಬೇಕಾಗುವ ಶಾಖದ ಲೆಕ್ಕಕ್ಕೆ, ಕ್ವಾಂಟಮ್ ಯಾಕೆ ಬೇಕು? ಪರೀಕ್ಷೆಗೆ ಅದರ ಐನ್‌ಸ್ಟೈನ್ ಮಾದರಿ ಓದಲಾ, ಡಿಬೈ ಮಾದರಿ ಓದಲಾ?

ಧಾರವಾಡದಲ್ಲಿ ಎಂ.ಎಸ್ಸಿ. ಮಾಡುವಾಗ ನಾನೂ ಇದನ್ನೇ ಕೇಳುತ್ತಾ ತಿರುಗಿದ್ದೆ. ಕೊನೆಗೆ ಎರಡರ ಸೂತ್ರದ ಡಿರೈವೇಶನ್ನೂ ಬಾಯಿಪಾಠ ಮಾಡಿ ವೈವಾಕ್ಕೆ, ಅಂದರೆ ಮೌಖಿಕ ಪರೀಕ್ಷೆಗೆ, ಹೋದೆ.

ಮೇ ತಿಂಗಳು. ಫ್ಯಾನ್ ತಿರುಗುತ್ತಿದ್ದರೂ ಅಂಗಿ ಬೆನ್ನಿಗೆ ಅಂಟಿತ್ತು. ಹೊರಗಿನಿಂದ ಬಂದಿದ್ದ ಸರ್ ಕೇಳಿದರು: "ಸೀಸದ ಹೀಟ್ ಕೆಪ್ಯಾಸಿಟಿ ಮೋಲಿಗೆ, ಡಿಗ್ರಿಗೆ 26 ಜೂಲ್. ವಜ್ರದ್ದು ಬರೀ 6. ಯಾಕ?" (ಮೋಲ್ ಅಂದರೆ ಪರಮಾಣುಗಳ ಒಂದು ನಿಗದಿತ ಎಣಿಕೆ.)

"ಕ್ವಾಂಟಮ್ ಪರಿಣಾಮ ಸರ್, ಕಡಿಮೆ ಉಷ್ಣತೆಯಲ್ಲಿ ಕಾಣುತ್ತದೆ" ಅಂದೆ.

ಅವರು ಫ್ಯಾನ್ ಕಡೆ ನೋಡಿದರು. "ಹಂಗಾರ ಈ ಖೋಲಿ ತಂಪ ಐತೇನು?"

ನನಗೆ ಬಾಯಿ ಬರಲಿಲ್ಲ. ಡಿಸ್ಟಿಂಕ್ಷನ್ ಅಲ್ಲೇ ಕೈತಪ್ಪಿತು.

ಆ ತಪ್ಪನ್ನು ಬಿಡಿಸಿ ಹೇಳುತ್ತೇನೆ. ಕಡಿಮೆ ಉಷ್ಣತೆ ಅಂದರೆ ದ್ರವ ಹೀಲಿಯಂ, ಸೊನ್ನೆ ಕೆಲ್ವಿನ್ (ಮೈನಸ್ 273 ಡಿಗ್ರಿ ಸೆಲ್ಸಿಯಸ್) ಹತ್ತಿರದ ಮಾತು ಅಂತ ತಿಳಿದಿದ್ದೆ. ಹಾಗಲ್ಲ. ಯಾವುದು ತಂಪು, ಯಾವುದು ಬಿಸಿ ಅನ್ನೋದು ಒಂದೊಂದು ವಸ್ತುವಿಗೆ ಒಂದೊಂದು. ಪರಮಾಣುಗಳ ಕಂಪನ ಶಕ್ತಿಯನ್ನು ಮೆಟ್ಟಿಲು ಮೆಟ್ಟಿಲಾಗಿಯೇ ತೆಗೆದುಕೊಳ್ಳುತ್ತದೆ, ಅರ್ಧ ಮೆಟ್ಟಿಲು ಇಲ್ಲ; ಇಲ್ಲಿ ಕ್ವಾಂಟಮ್ ಅಂದರೆ ಇದೇ. ಇಂಗಾಲ ಹಗುರ, ವಜ್ರದಲ್ಲಿ ಅದರ ಬಂಧ ಭಾರಿ ಬಿಗಿ. ಹಾಗಾಗಿ ಕಂಪನದ ವೇಗ ಜಾಸ್ತಿ, ಮೆಟ್ಟಿಲೂ ಎತ್ತರ. ಆ ಎತ್ತರವನ್ನು ಉಷ್ಣತೆಯ ಲೆಕ್ಕದಲ್ಲಿ ಹೇಳಿದರೆ ಸುಮಾರು 1300 ಕೆಲ್ವಿನ್. ನಮ್ಮ ಕೋಣೆ 300. ನೂರು ಕಂಪನಗಳಲ್ಲಿ ಹೆಚ್ಚುಕಮ್ಮಿ ಒಂದು ಮಾತ್ರ ಮೊದಲ ಮೆಟ್ಟಿಲು ಹತ್ತಿರುತ್ತದೆ, ಉಳಿದವು ಕೆಳಗೇ. ಶಾಖ ಹಿಡಿಸೋದಾದರೂ ಎಲ್ಲಿ? ಸೀಸ ಭಾರ, ಮೆತ್ತಗೆ. ಅದರ ಮೆಟ್ಟಿಲು 100 ಕೆಲ್ವಿನ್ ಆಸುಪಾಸು, ಅದಕ್ಕೆ ಈ ಕೋಣೆ ಬಿಸಿಯೇ. ವಜ್ರಕ್ಕೆ ಮಾತ್ರ ಧಾರವಾಡದ ಮೇ ತಿಂಗಳೂ ಕಡು ಚಳಿ!

ಹಾಗಾಗಿ ಐನ್‌ಸ್ಟೈನಾ ಡಿಬೈಯಾ ಅನ್ನೋ ಪ್ರಶ್ನೆಯನ್ನೇ ಬಿಡಿ. 1819ರಲ್ಲಿ ಡುಲಾಂಗ್, ಪೆಟಿ ಹೇಳಿದ ನಿಯಮದ ಪ್ರಕಾರ ಎಲ್ಲ ಘನ ಮೂಲವಸ್ತುಗಳಿಗೂ ಮೋಲಿಗೆ, ಡಿಗ್ರಿಗೆ 25 ಜೂಲ್ ಹತ್ತಿರ ಬರಬೇಕು. ವಜ್ರ ಒಪ್ಪಲಿಲ್ಲ. 1907ರಲ್ಲಿ ಐನ್‌ಸ್ಟೈನ್ ಎಲ್ಲ ಕಂಪನಗಳಿಗೂ ಒಂದೇ ಎತ್ತರದ ಮೆಟ್ಟಿಲು ಇಟ್ಟು ಆ ಗಂಟು ಬಿಡಿಸಿದರು. ಆದರೆ ತೀರಾ ತಂಪಿನಲ್ಲಿ ಅವರ ಲೆಕ್ಕ ನಿಜವಾದ ಅಳತೆಗಿಂತ ಬೇಗ ಸೊನ್ನೆಗೆ ಇಳಿಯುತ್ತದೆ. 1912ರಲ್ಲಿ ಡಿಬೈ ಪುಟ್ಟ ಮೆಟ್ಟಿಲುಗಳನ್ನೂ ಸೇರಿಸಿದರು, ಆಗ ಉಷ್ಣತೆಯ ಘನಕ್ಕೆ (T³) ತಕ್ಕಂತೆ ಇಳಿಯೋದು ಸರಿಹೋಯಿತು. ಒಂದೇ ಕಥೆಯ ಮುಂದಿನ ಭಾಗ, ಅಷ್ಟೇ. ಒಂದನ್ನು ಬಿಟ್ಟು ಇನ್ನೊಂದು ಓದೋದು ಹೇಗೆ?

ಡಿರೈವೇಶನ್‌ಗೆ ಮೊದಲು ಐನ್‌ಸ್ಟೈನ್ ಸೂತ್ರದಿಂದ ವಜ್ರದ ಲೆಕ್ಕವನ್ನು ಕೈಯಾರೆ ಮಾಡಿ. ನಾನು ಮಾಡಿದ್ದು ಅವತ್ತು ಸಂಜೆ ಗದಗ ಬಸ್ಸಿನಲ್ಲಿ, ಹಾಲ್ ಟಿಕೆಟ್ ಹಿಂದೆ, ಪೆನ್ಸಿಲ್‌ನಲ್ಲಿ. ಉತ್ತರ 6ರ ಹತ್ತಿರ ಬಂದಾಗ ಬಸ್ಸು ಅಣ್ಣಿಗೇರಿ ದಾಟಿತ್ತು.