ರಾತ್ರಿ ಎರಡು ಗಂಟೆಯ ಎಚ್ಚರ

ಸಂಬಂಧಪಟ್ಟವರ ಒಪ್ಪಿಗೆ ಪಡೆದು, ಗುರುತು ಸಿಗುವಂತಹ ವಿವರಗಳನ್ನು ಬದಲಿಸಿ ಈ ಪ್ರಕರಣವನ್ನು ಬರೆಯುತ್ತಿದ್ದೇನೆ. ಅವರನ್ನು ಇಲ್ಲಿ ಅಕ್ಕ ಎಂದಷ್ಟೇ ಕರೆಯುತ್ತೇನೆ. ಧಾರವಾಡದ ಕಡೆಯವರು, ವಯಸ್ಸು 54. ಮದುವೆಯಾಗಿ ಮುಂಬೈ ಬಳಿಯ ಡೊಂಬಿವಲಿಗೆ ಬಂದು ಮೂವತ್ತು ವರ್ಷ ಕಳೆದಿದೆ. ಗಂಡ ಬೆಳಗಿನ ಲೋಕಲ್ ಹಿಡಿದು ಹೋದರೆ ಮರಳುವುದು ರಾತ್ರಿ ಎಂಟಕ್ಕೆ. ಒಬ್ಬಳೇ ಮಗಳು ಪುಣೆಯಲ್ಲಿ ನೌಕರಿಯಲ್ಲಿದ್ದಾಳೆ.

ಅಕ್ಕನ ಅತ್ತೆಗೆ ಲಕ್ವಾ ಹೊಡೆದು ಬಲಗೈ, ಬಲಗಾಲು ಬಿದ್ದುಹೋಗಿದ್ದವು. ಆರು ವರ್ಷ ಅವರನ್ನು ನೋಡಿಕೊಂಡವರು ಅಕ್ಕನೇ. ಹಾಸಿಗೆ ಹಿಡಿದವರಿಗೆ ಬೆನ್ನುಹುಣ್ಣು ಆಗಬಾರದೆಂದರೆ ಸುಮಾರು ಎರಡು ತಾಸಿಗೊಮ್ಮೆ ಮಗ್ಗಲು ಬದಲಿಸಬೇಕು. ಹಾಗಾಗಿ ಆ ಮನೆಯ ಗಡಿಯಾರವೇ ಎರಡು ತಾಸಿನ ಲೆಕ್ಕದಲ್ಲಿ ನಡೆಯುತ್ತಿತ್ತು. ಅತ್ತೆ ತೀರಿಕೊಂಡು ಮೂರು ತಿಂಗಳಾದ ಮೇಲೆ ಅಕ್ಕ ಆಪ್ತಸಮಾಲೋಚನೆಗೆಂದು ನನ್ನ ಬಳಿ ಬಂದರು. ಮೊದಲ ದಿನ ಹೇಳಿದ್ದು ಇಷ್ಟು: "ರಾತ್ರಿ ಎರಡಕ್ಕ ಎಚ್ಚರಾಗತದರೀ ಮೇಡಮ್. ಎದ್ದು ಅತ್ತಿಯವರ ಕಾಟ್ ಇದ್ದಲ್ಲಿಗೆ ಹೋಗತೇನಿ. ಅಲ್ಲಿ ಕಾಟೇ ಇಲ್ಲ." ಆ ಕಾಟ್ ಬಾಡಿಗೆಯದು, ಹದಿಮೂರನೆಯ ದಿನ ಮುಗಿಯುತ್ತಲೇ ಅಂಗಡಿಯವರು ಒಯ್ದಿದ್ದರು. ನೆಲದ ಮೇಲೆ ಅದರ ನಾಲ್ಕು ಗಾಲಿಗಳ ಗುರುತು ಮಾತ್ರ ಉಳಿದಿತ್ತು.

ಬಂಧುಗಳೂ ಸೊಸೈಟಿಯ ಹೆಂಗಸರೂ "ಇನ್ನರೆ ನಿನ್ನ ಜೀವನ ನೀ ನೋಡ್ಕೋ" ಎಂದು ದಿನಕ್ಕೊಬ್ಬರಂತೆ ಹೇಳುತ್ತಿದ್ದರು. ಆ ಮಾತಿಗೆ ಕಟ್ಟುಬಿದ್ದು ಅಕ್ಕ ಭಜನಾ ಮಂಡಳಿಗೆ ಹೋದರು, ಯೋಗಕ್ಕೆ ಹೋದರು, ಫೀ ಕಟ್ಟಿ ವಾರ್ಲಿ ಚಿತ್ರಕಲೆಯ ತರಗತಿಗೂ ಸೇರಿದರು. ಯಾವುದೂ ಮೂರು ವಾರ ದಾಟಲಿಲ್ಲ. ನಾನೂ ಇದೇ ತಪ್ಪು ಮಾಡಿದೆ ಎಂದು ಒಪ್ಪಿಕೊಳ್ಳಬೇಕು. ಎರಡನೆಯ ಭೇಟಿಯಲ್ಲಿ ಒಂದು ಹಾಳೆ ಕೊಟ್ಟು, ಚಿಕ್ಕಂದಿನಿಂದ ತಮಗೆ ಇಷ್ಟವಾದುದನ್ನೆಲ್ಲ ಬರೆದು ತರುವಂತೆ ಹೇಳಿದ್ದೆ. ಹಾಳೆ ಮರಳಿ ಬಂದಾಗ ಅದರ ಹಿಂಬದಿಯಲ್ಲಿ ಹಾಲಿನ ಲೆಕ್ಕವಿತ್ತು, ಮುಂಬದಿ ಖಾಲಿಯಾಗಿತ್ತು. ಆರು ವರ್ಷ ತನ್ನ ಹಸಿವನ್ನೇ ಕೇಳಿಕೊಳ್ಳದ ಹೆಂಗಸನ್ನು ಕೂಡಿಸಿ ನಿನ್ನ ಆಸೆಗಳನ್ನು ಪಟ್ಟಿ ಮಾಡು ಎಂದರೆ ಇನ್ನೇನಾದೀತು?

ಖಿನ್ನತೆಯನ್ನು ಅಳೆಯುವ ಒಂಬತ್ತು ಪ್ರಶ್ನೆಗಳ ಪಟ್ಟಿಯಲ್ಲಿ ಅವರಿಗೆ 27ರಲ್ಲಿ 11 ಅಂಕ ಬಂದಿದ್ದರಿಂದ, ವೈದ್ಯರಲ್ಲಿಗೆ ಕಳಿಸಿ ಥೈರಾಯ್ಡ್ ಮತ್ತು ಬಿ12 ಪರೀಕ್ಷೆ ಮಾಡಿಸಿದೆ. ಬಿ12 ಕಡಿಮೆ ಇತ್ತು. ಅದಕ್ಕೆ ಔಷಧಿ ಶುರುವಾಯಿತು. ಸಾಯುವ ಯೋಚನೆ ಇರಲಿಲ್ಲ. ಆದರೂ ರಾತ್ರಿ ಹೊತ್ತು ಜೀವ ತಡೆಯದಂತಾದರೆ ಫೋನ್ ಮಾಡಬೇಕೆಂದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನ 14416 ಸಂಖ್ಯೆಯನ್ನು ಬರೆದುಕೊಟ್ಟೆ. ಶೋಕಕ್ಕೆ ಕಾಯಿಲೆಯ ಹೆಸರು ಕೊಡಲು ವಿಶ್ವ ಆರೋಗ್ಯ ಸಂಸ್ಥೆಯ ವರ್ಗೀಕರಣದಲ್ಲಿ ಕನಿಷ್ಠ ಆರು ತಿಂಗಳಾಗಿರಬೇಕು. ಮೂರು ತಿಂಗಳ ದುಃಖಕ್ಕೆ ನಾನು ಯಾವ ಹೆಸರನ್ನೂ ಹಚ್ಚಲಿಲ್ಲ.

ನಾಲ್ಕನೆಯ ಭೇಟಿಯಲ್ಲಿ ಮಾತು ಅಕಸ್ಮಾತ್ತಾಗಿ ಬಟ್ಟೆಯ ಕಡೆಗೆ ಹೊರಳಿತು. ಬಲಗೈ ಬಿದ್ದುಹೋದವರಿಗೆ ದಿನಾ ನೈಟಿ ಹೇಗೆ ಹಾಕುತ್ತಿದ್ದಿರಿ ಎಂದು ಸುಮ್ಮನೆ ಕೇಳಿದೆ. ಅಕ್ಕ ಎದ್ದು ನಿಂತು ನನ್ನ ತೋಳನ್ನೇ ಹಿಡಿದು ತೋರಿಸತೊಡಗಿದರು. ತೊಡಿಸುವಾಗ ಮೊದಲು ಬಿದ್ದ ಕೈ, ತೆಗೆಯುವಾಗ ಅದೇ ಕೊನೆಗೆ. ಅಂಗಡಿಯ ನೈಟಿಯಲ್ಲಿ ಇದು ಆಗದ ಮಾತಾದ್ದರಿಂದ ಅವರು ಬೆನ್ನಿನ ಕಡೆ ಉದ್ದಕ್ಕೆ ಕತ್ತರಿಸಿ ಲಾಡಿ ಹಚ್ಚಿದ್ದರು. ಬಲತೋಳನ್ನು ಭುಜದಿಂದ ಬಿಚ್ಚಿ ಟಿಚ್‌ಬಟನ್ ಹಾಕಿದ್ದರು. ಹೊಲಿಗೆಯ ಅಂಚು ಮೈಗೆ ಒತ್ತದಿರಲೆಂದು ಅದನ್ನು ಹೊರಗಡೆಗೆ ಮಡಚಿದ್ದರು. ಇಪ್ಪತ್ತು ನಿಮಿಷ ಒಂದು ನಿಟ್ಟುಸಿರೂ ಇಲ್ಲದೆ ಮಾತಾಡಿದರು. ಖಾಲಿ ಹಾಳೆಯಲ್ಲಿ ಇರದಿದ್ದುದು ಅವರ ಕೈಯಲ್ಲಿತ್ತು.

ಇಷ್ಟರಲ್ಲೇ ಒಂದು ಎಡವಟ್ಟಾಯಿತು. ಕೆಳಗಿನ ಮಹಡಿಯ ಅಜ್ಜಿಯೊಬ್ಬರು ಬಿದ್ದು ಹಾಸಿಗೆ ಹಿಡಿದಾಗ ಅಕ್ಕ ತಾವಾಗಿಯೇ ಹೋಗಿ ಬೆಳಗಿನಿಂದ ರಾತ್ರಿಯವರೆಗೆ ಸೇವೆಗೆ ನಿಂತರು. ಗಂಡನಿಗೆ ಸಂತೋಷವಾಯಿತು, ಹೆಂಡತಿಗೆ ಮತ್ತೆ ಜೀವ ಬಂತೆಂದು. ನನಗೆ ಹಾಗೆ ತೋರಲಿಲ್ಲ, ಏಕೆಂದರೆ ಐದನೆಯ ದಿನ ನನ್ನಲ್ಲಿಗೆ ಬಂದಾಗ ಅವರು ಊಟ ಮಾಡಿರಲಿಲ್ಲ. ಕುಳಿತಲ್ಲೇ ಎರಡು ಸಲ ಮೊಬೈಲಿನಲ್ಲಿ ಹೊತ್ತು ನೋಡಿದರು. ಕನ್ನಡದಲ್ಲಿ ಒಲವು ಮತ್ತು ಗೀಳು ಎಂಬ ಎರಡು ಮಾತುಗಳಿರುವುದು ನಮ್ಮ ಪುಣ್ಯ. ಕೆನಡಾದ ಮನೋವಿಜ್ಞಾನಿ ರಾಬರ್ಟ್ ವ್ಯಾಲರಾಂಡ್ ಮತ್ತು ಸಂಗಡಿಗರು 2003ರಲ್ಲಿ ಮಂಡಿಸಿದ ವಿಚಾರವೂ ಹೆಚ್ಚುಕಡಿಮೆ ಇದೇ: ಮನಸಾರೆ ಹಿಡಿದ ಕೆಲಸ ಬಾಳಿನ ಉಳಿದ ಸಂಗತಿಗಳಿಗೆ ಜಾಗ ಬಿಟ್ಟುಕೊಡುತ್ತದೆ, ಆದರೆ ಒಳಗಿನ ಒತ್ತಡಕ್ಕೆ ಹಿಡಿದದ್ದು ಮನುಷ್ಯನನ್ನೇ ಹಿಡಿದುಕೊಳ್ಳುತ್ತದೆ. ಅಕ್ಕನಿಗೆ ನಾನು ಕೇಳಿದ್ದು ಒಂದೇ: "ಹೋಗದಿದ್ದ ದಿನ ಏನಾಗತದ?" ಬಹಳ ಹೊತ್ತಿನ ಮೇಲೆ ಉತ್ತರ ಬಂತು: "ತಪ್ಪು ಮಾಡಿಧಂಗ ಆಗತದರೀ." ಅದರ ಹಿಂದೆಯೇ ಇನ್ನೊಂದು ಮಾತು ಬಂತು. ಅತ್ತೆಯ ಉಸಿರು ನಿಂತ ಬೆಳಿಗ್ಗೆ ತನಗೆ ಮೊದಲು ಬಂದದ್ದು ಅಳುವಲ್ಲ, "ಇವತ್ತ ನಿದ್ದಿ ಮಾಡಬಹುದು" ಎಂಬ ಯೋಚನೆ. ಅದನ್ನು ಇದುವರೆಗೆ ಯಾರಿಗೂ ಹೇಳಿರಲಿಲ್ಲ.

ದೀರ್ಘಕಾಲ ಶುಶ್ರೂಷೆ ಮಾಡಿದವರಿಗೆ ಹೀಗೆ ಹಗುರೆನಿಸುವುದು ಸಹಜವೆಂದೂ, ದಣಿದ ಮೈ ಆಡಿದ ಆ ಮಾತಿನಿಂದ ಪ್ರೀತಿಗೆ ಕುಂದು ಬರುವುದಿಲ್ಲವೆಂದೂ ತಿಳಿಸಿ ಹೇಳಿದೆ. ಆಮೇಲೆ ಕೊಟ್ಟ ಸಲಹೆ ಇದು: ಆರು ತಿಂಗಳು ಯಾರ ಹಾಸಿಗೆಯ ಪಕ್ಕದಲ್ಲೂ ಸೇವೆಗೆ ನಿಲ್ಲಬಾರದು, ಅಜ್ಜಿಯ ಮನೆಯವರಿಗೂ ಅವರ ಆಯಾಗೂ ಮಗ್ಗಲು ಬದಲಿಸುವ ಕ್ರಮವನ್ನು ಎರಡು ದಿನ ಕಲಿಸಿಕೊಟ್ಟು ಹಿಂದೆ ಸರಿಯಬೇಕು. ಹೊಲಿಗೆಯನ್ನು ವಾರಕ್ಕೆ ಮೂರು ಮಧ್ಯಾಹ್ನ, ಎರಡು ತಾಸಿಗೆ ಮೀರದಂತೆ ಮಾಡಬೇಕು. ಅದು ಜೀವನದ ಗುರಿಯೋ ಅಲ್ಲವೋ ಎಂಬ ವಿಚಾರವನ್ನು ಸದ್ಯಕ್ಕೆ ಎತ್ತಲೇಬಾರದು. ರಾತ್ರಿ ಎರಡಕ್ಕೆ ಎಚ್ಚರವಾದರೆ ಹಾಸಿಗೆಯಲ್ಲಿ ಹೊರಳಾಡದೆ ಎದ್ದು, ಮಂದ ಬೆಳಕಿನಲ್ಲಿ ಕುಳಿತು, ಕಣ್ಣು ಎಳೆದಾಗ ಮಲಗಬೇಕು. ಹಗಲು ನಿದ್ದೆ ಬೇಡ. ಗಂಡನನ್ನು ಒಮ್ಮೆ ಕರೆಸಿ, ರಾತ್ರಿಯೂಟ ಇಬ್ಬರೂ ಕೂಡಿಯೇ ಮಾಡಬೇಕೆಂದು ಹೇಳಿದೆ. ಅವರು ಟಿವಿ ಮುಂದೆ ತಾಟು ಹಿಡಿದು ಕೂಡುವ ಅಭ್ಯಾಸ ಬಿಡಲು ಮೂರು ವಾರ ಬೇಕಾಯಿತು.

ಏಳು ತಿಂಗಳಾಯಿತು. ಎರಡು ಗಂಟೆಯ ಎಚ್ಚರ ವಾರಕ್ಕೊಮ್ಮೆ ಈಗಲೂ ಉಂಟು. ಮಗಳ ಫೋನು ಬಾರದ ಭಾನುವಾರ ಈಗಲೂ ಕಷ್ಟವೇ. ಹೊಲಿದ ನೈಟಿಗಳು ಒಟ್ಟು ಹದಿನಾಲ್ಕು. ಮೊದಲ ಎರಡು ಕೆಳಗಿನ ಮನೆಯ ಅಜ್ಜಿಗೆ ಹೋದವು. ಹೋದ ಸಲ ಅಕ್ಕ ಒಂದನ್ನು ತಂದು ನನ್ನ ಮೇಜಿನ ಮೇಲೆ ಹರಡಿದರು. ಬೆನ್ನಿನ ಲಾಡಿ ನಡುವೆ ಇರದೆ ಪಕ್ಕಕ್ಕೆ ಸರಿದಿತ್ತು. ನಡುವೆ ಗಂಟು ಬಂದರೆ ಮಲಗಿದವರಿಗೆ ಚುಚ್ಚುತ್ತದಂತೆ. ಗಂಡ ಮುನ್ನೂರೈವತ್ತು ರೂಪಾಯಿ ಇಡು ಎನ್ನುತ್ತಾರೆ, ಅಕ್ಕ ಅರಿವೆಯ ಖರ್ಚು ಬಂದರೆ ಸಾಕು ಎನ್ನುತ್ತಾರೆ. ದರದ ವಿಷಯದಲ್ಲಿ ಇಬ್ಬರಿಗೂ ರಾತ್ರಿಯೂಟದ ಹೊತ್ತಿಗೆ ಇನ್ನೂ ವಾದ ನಡೆಯುತ್ತಿದೆ.