ಕೊರಿಯಾಗೆ ಬರುತ್ತಿರುವ ತಂಗಿಗೆ

"ಅಕ್ಕಾ, ಮಾರ್ಚ್‌ನಲ್ಲಿ ಎಂ.ಎಸ್. ಮಾಡಲು ಡೇಜಾನ್‌ಗೆ ಬರುತ್ತಿದ್ದೇನೆ. ಆಮೇಲೆ ಅಲ್ಲೇ ಕೆಲಸ ಸಿಗುತ್ತಾ? ಅಲ್ಲಿ ಹುಡುಗಿಯರು ಅಷ್ಟು ಓದಿರುತ್ತಾರೆ, ನಮ್ಮ ಕಡೆಯ ರಗಳೆ ಇರಲ್ಲ ಅಲ್ವಾ?" ಅಂತ ಕೇಳಿದ್ದೀಯ. ಅಕ್ಕಾ ಅಂದೆಯಲ್ಲ, ಅದಕ್ಕೇ ನೀನು ಅಂತಲೇ ಬರೆಯುತ್ತೇನೆ.

ಚಳಿ ಬಟ್ಟೆ ಹೊತ್ತು ತರಬೇಡ, ಇಲ್ಲೇ ತಗೋ. ಸಾರಿನ ಪುಡಿ, ರಾಗಿ ಹಿಟ್ಟು ಮರೆಯಬೇಡ. ಓದು ಮುಗಿದ ಮೇಲೆ ಕೆಲಸ ಹುಡುಕಲು ಡಿ-10 ವೀಸಾ ಇದೆ, ಆದರೆ ಭಾಷೆ ಬರದಿದ್ದರೆ ಕಷ್ಟ. ಈಗಿಂದಲೇ ಟೋಪಿಕ್ ಅನ್ನುವ ಕೊರಿಯನ್ ಭಾಷಾ ಪರೀಕ್ಷೆಗೆ ಕೂತುಕೋ.

ಇನ್ನು ರಗಳೆ ವಿಷಯ. 2012ರಲ್ಲಿ ದಾವಣಗೆರೆಯಿಂದ ಬಂದಾಗ ನಾನೂ ನಿನ್ನ ಹಾಗೇ ಅಂದುಕೊಂಡಿದ್ದೆ. ಹಾಸ್ಟೆಲ್‌ನಲ್ಲಿ ನನ್ನ ರೂಮ್‌ಮೇಟ್ ಬುಸಾನ್ ಕಡೆಯವಳು, ಕೆಮಿಸ್ಟ್ರಿಯಲ್ಲಿ ಮಾಸ್ಟರ್ಸ್, ನನಗಿಂತ ಎಷ್ಟೋ ಬುದ್ಧಿವಂತೆ. ಟೋಯಿಕ್ ಇಂಗ್ಲಿಷ್ ಪರೀಕ್ಷೆಯಲ್ಲಿ 990ಕ್ಕೆ 930 ಬಂದಿತ್ತು, ಸಾಲದು ಅಂತ ಮತ್ತೆ ಬರೆದಳು. ಅಂಕ, ಸರ್ಟಿಫಿಕೇಟ್, ಇಂಟರ್ನ್‌ಶಿಪ್ ಎಲ್ಲ ಸೇರಿಸಿ ಇಲ್ಲಿ ಸ್ಪೆಕ್ ಅನ್ನುತ್ತಾರೆ, ಮೊಬೈಲ್ ಫೋನಿಗೆ ಹೇಳುವ ಹಾಗೆ. ನಮ್ಮಲ್ಲಿ ಗಂಡಿನ ಕಡೆಯವರಿಗೆ ಕಳಿಸಲು ಫೋಟೋ ತೆಗೆಸುತ್ತಾರಲ್ಲ, ಅವಳು ಕೆಲಸದ ಅರ್ಜಿಗೆ ಹಾಗೆ ತೆಗೆಸಿದಳು. ಗೆಳತಿಯ ಕರಿ ಕೋಟು ಹಾಕಿಕೊಂಡು, ಸ್ಟುಡಿಯೋದವನ ಕೈಲಿ ದವಡೆ ಸ್ವಲ್ಪ ಸಣ್ಣ ಮಾಡಿಸಿಕೊಂಡು. ಇಂಟರ್ವ್ಯೂನಲ್ಲಿ ಕೇಳಿದ್ದು ಮದುವೆ ಯಾವಾಗ ಅಂತ! ಅರ್ಜಿಯಲ್ಲಿ ಅದನ್ನೆಲ್ಲ ಕೇಳಬಾರದು ಅಂತ ಕಾನೂನು ಬಂದಿದ್ದು 2019ರಲ್ಲಿ.

ಕೊನೆಗೆ ಸಿಕ್ಕಿದ್ದು 11 ತಿಂಗಳ ಗುತ್ತಿಗೆ ಕೆಲಸ. ಯಾಕೆ 11 ಗೊತ್ತಾ? ವರ್ಷ ತುಂಬಿದರೆ ಬಿಡುವಾಗ ಗ್ರಾಚುಯಿಟಿ ತರಹದ ಹಣ ಕೊಡಬೇಕು. ಎರಡು ವರ್ಷ ದಾಟಿದರೆ ಕಾಯಂ ಮಾಡಬೇಕು. ಮಾಸ್ಟರ್ಸ್ ಮಾಡಿದವಳು ಫೈಲ್ ಜೋಡಿಸುತ್ತಾ, ಮೀಟಿಂಗ್‌ಗೆ ಕಾಫಿ ತರುತ್ತಾ ಇದ್ದಳು. ಇಲ್ಲಿ ಹುಡುಗರಿಗಿಂತ ಹುಡುಗಿಯರೇ ಜಾಸ್ತಿ ಕಾಲೇಜು ಸೇರುತ್ತಾರೆ, ಆದರೂ ಒಇಸಿಡಿ ಅಂತ ಹೆಚ್ಚಾಗಿ ಶ್ರೀಮಂತ ದೇಶಗಳ ಒಕ್ಕೂಟ ಇದೆಯಲ್ಲ, ಅದರ ದೇಶಗಳಲ್ಲೆಲ್ಲ ಗಂಡು ಹೆಣ್ಣಿನ ಸಂಬಳದ ಅಂತರ ಇಲ್ಲೇ ಹೆಚ್ಚು, ಸುಮಾರು ಶೇ. 30.

ನನ್ನನ್ನು ಇವತ್ತಿಗೂ ಚುಚ್ಚುವುದು ಬೇರೆ. ಮೂರು ಗುತ್ತಿಗೆ ಕಳೆದ ಮೇಲೆ ಒಂದು ಚಿಕ್ಕ ಲ್ಯಾಬ್‌ನಲ್ಲಿ ಅವಳಿಗೆ ಕಾಯಂ ಆಗಿತ್ತು. ಮಗುವಾದಾಗ ಕೆಲಸ ಬಿಡಲಾ ಅಂತ ಕೇಳಿದಳು. "ಎರಡು ವರ್ಷ ಮನೇಲಿರು, ಆಮೇಲೆ ಸೇರಿಕೊಂಡರಾಯ್ತು" ಅಂದುಬಿಟ್ಟೆ. ನಮ್ಮ ಚಿಕ್ಕಮ್ಮ ಹೈಸ್ಕೂಲ್ ಮೇಷ್ಟ್ರಗಿರಿಗೆ ಹಾಗೇ ವಾಪಸ್ ಹೋಗಿದ್ದರಲ್ಲ, ಅದೇ ಧೈರ್ಯ. ಹೀಗೆ ಬಿಟ್ಟು ಕೂತವರಿಗೆ ಇಲ್ಲಿ ಒಂದು ಹೆಸರೇ ಇದೆ, ಕ್ಯೋಂಗ್‌ದನ್‌ನ್ಯೋ, ವೃತ್ತಿ ತುಂಡಾದವಳು ಅಂತ. ಅದು ನನಗೆ ಗೊತ್ತಾಗಿದ್ದು ಆಮೇಲೆ. ಅವಳು ಈಗ ಸೂಪರ್‌ಮಾರ್ಕೆಟ್ ಕೌಂಟರ್‌ನಲ್ಲಿದ್ದಾಳೆ.

ಬರಬೇಡ ಅನ್ನುತ್ತಿಲ್ಲ, ಬಾ. ಯಾರೇ ಏನೇ ಹೇಳಲಿ, ಸಿಕ್ಕ ಕಾಯಂ ಕೆಲಸ ಮಾತ್ರ ಬಿಡಬೇಡ.

ಹೋದ ಚುಸೋಕ್ ಹಬ್ಬಕ್ಕೆ ಅವಳು ಅಕ್ಕಿ ಕಡುಬು ತಂದಿದ್ದಳು, ಜೊತೆಗೆ ಒಂದು ಅರ್ಜಿ. ಇಂಗ್ಲಿಷ್ ನೋಡಿಕೊಡು ಅಂದಳು. ಮೇಲೆ ಅದೇ ಫೋಟೋ, ಅದೇ ಗೆಳತಿಯ ಕೋಟು. ಎರಡು ಸ್ಪೆಲಿಂಗ್ ತಿದ್ದಿ ಕೊಟ್ಟೆ, ಫೋಟೋ ಬಗ್ಗೆ ಮಾತೆತ್ತಲಿಲ್ಲ.