ಮನೆಯ ಗ್ಯಾರೇಜಿನಲ್ಲಿ ಹಳೇ ಎಂಜಿಬಿ: ಮೊದಲು ಎಂಜಿನ್ನೋ, ಪೇಂಟೋ?

ಇಂಗ್ಲೆಂಡಿನಲ್ಲಿ ಮನೆ, ಒಂದೇ ಕಾರು ಹಿಡಿಸುವ ಗ್ಯಾರೇಜು, 1970ರ ಎಂಜಿಬಿ ರೋಡ್‌ಸ್ಟರ್, ಅಂದರೆ ಬ್ರಿಟನ್ನಿನ ಹಳೇ ತೆರೆದ ಸ್ಪೋರ್ಟ್ಸ್ ಕಾರು, ಕೊಳ್ಳುವ ಆಸೆ. ಎಂಜಿನ್ ಇಳಿಸಿ ಶುರು ಮಾಡಲಾ, ಇಲ್ಲಾ ಪೂರ್ತಿ ಬಿಚ್ಚಿ ಪೇಂಟಿಗೆ ಕೊಡಲಾ ಎಂದು ಕೇಳಿದ್ದೀರಿ. ಎರಡೂ ಬೇಡ. ಮೊದಲು ಸಿಲ್ ನೋಡಿ. ಸಿಲ್ ಅಂದರೆ ಬಾಗಿಲಿನ ಕೆಳಗೆ ಮುಂದಿನ ಚಕ್ರದಿಂದ ಹಿಂದಿನ ಚಕ್ರದವರೆಗೆ ಹೋಗುವ ಪೆಟ್ಟಿಗೆಯಂಥ ಭಾಗ. ನಾನು ಇಂಥದ್ದೇ ಒಂದು ಕಾರನ್ನು ಇಲ್ಲಿ ಮನೆಯಲ್ಲೇ ಸರಿಮಾಡಿ ಓಡಿಸುತ್ತಿದ್ದೇನೆ. ಈ ಕಾರಿನ ಹಣೆಬರಹ ಇರುವುದೇ ಆ ಸಿಲ್‌ನಲ್ಲಿ.

ಯಾಕೆ ಅಂತ ಹೇಳುತ್ತೇನೆ. ಟ್ರಯಂಫ್ ಸ್ಪಿಟ್‌ಫೈರ್, ಟಿಆರ್6 ಇಂಥ ಕಾರುಗಳಿಗೆ ಕೆಳಗೆ ಬೇರೆ ಚಾಸಿ ಇರುತ್ತದೆ. ಎಂಜಿಬಿಗೆ ಇಲ್ಲ. 1962ರಿಂದ 1980ರವರೆಗೆ ಆಬಿಂಗ್‌ಡನ್‌ನಲ್ಲಿ ಮಾಡಿದ ಎಲ್ಲ ಎಂಜಿಬಿಗಳಿಗೂ ಬಾಡಿಯೇ ಚಾಸಿ. ಅದರಲ್ಲೂ ರೋಡ್‌ಸ್ಟರ್‌ಗೆ ಗಟ್ಟಿ ಛಾವಣಿ ಇಲ್ಲ. ಮುಚ್ಚಳ ತೆಗೆದ ರಟ್ಟಿನ ಡಬ್ಬಿ ಹೇಗೆ ಬಾಗುತ್ತದೋ ಹಾಗೆ ಬಾಗಬೇಕಿತ್ತು. ಬಾಗದಂತೆ ಹಿಡಿದಿರುವುದು ಸಿಲ್. ಹೊರಗಿನ ತಗಡು, ಒಳಗಿನ ತಗಡು, ನಡುವೆ ಮೆಂಬ್ರೇನ್ ಅನ್ನುವ ಇನ್ನೊಂದು ತಗಡು, ಅಡಿಯಲ್ಲಿ ಕ್ಯಾಸಲ್ ಸೆಕ್ಷನ್ ಅನ್ನುವ ಮಡಿಸಿದ ತಗಡು. ಇವೆಲ್ಲ ಸೇರಿದರೇ ಅದಕ್ಕೆ ಬಲ.

ಈಗ ತುಕ್ಕು ಎಲ್ಲಿಂದ ಬರುತ್ತದೆ ನೋಡಿ. ಮುಂದಿನ ಚಕ್ರದ ಹಿಂದೆ, ವಿಂಗ್‌ನ (ಚಕ್ರದ ಮೇಲಿನ ಮಡ್‌ಗಾರ್ಡ್) ಒಳಗೆ, ಒಂದು ಅಡ್ಡ ತಗಡು ಇದೆ. ಅದರ ಅಂಚಿನ ರಬ್ಬರ್ ಹಳತಾದ ಮೇಲೆ ಕೆಸರು ನುಗ್ಗಿ ಸಿಲ್‌ನ ತುದಿಯ ಮೇಲೆ ಕೂರುತ್ತದೆ. ಇಲ್ಲಿ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಬೇರೆ ಹಾಕುತ್ತಾರೆ. ಆ ಉಪ್ಪು ಕೆಸರು ವರ್ಷಗಟ್ಟಲೆ ಒದ್ದೆಯಾಗೇ ಇರುತ್ತದೆ. ಹೊರಗೆ ಪೇಂಟ್ ಹೊಳೆಯುತ್ತಿರುತ್ತದೆ, ಒಳಗೆ ತಗಡು ಪುಡಿಯಾಗುತ್ತಿರುತ್ತದೆ.

ಕಾರು ನೋಡಲು ಹೋಗುವಾಗ ಟಾರ್ಚು ಮತ್ತು ಸಣ್ಣ ಮ್ಯಾಗ್ನೆಟ್ ಇಟ್ಟುಕೊಳ್ಳಿ. ಬಾಗಿಲು ಮುಚ್ಚಿ, ಬಾಗಿಲಿಗೂ ಹಿಂದಿನ ವಿಂಗ್‌ಗೂ ನಡುವಿನ ಸಂದು ನೋಡಿ. ಮೇಲೆ ಕಿರಿದಾಗಿ ಕೆಳಗೆ ಅಗಲವಾಗಿದ್ದರೆ ಕಾರು ನಡುವೆ ಕುಸಿದಿದೆ ಅಂತಲೇ ಲೆಕ್ಕ. ಸಿಲ್ ಬಳಿ ಜಾಕ್ ಹಾಕಿ ಎತ್ತಿದಾಗ ಆ ಸಂದು ಬದಲಾದರೂ ಅದೇ ಅರ್ಥ. ಹಿಂದಿನ ಚಕ್ರದ ಮುಂದೆ, ವಿಂಗ್‌ನ ಕೆಳಭಾಗಕ್ಕೆ ಮ್ಯಾಗ್ನೆಟ್ ಹಿಡಿಯಿರಿ. ಹಿಡಿಯದಿದ್ದರೆ ಅಲ್ಲಿರುವುದು ತಗಡಲ್ಲ, ಫಿಲ್ಲರ್ ಅನ್ನುವ ಪುಟ್ಟಿ. ಇನ್ನೊಂದು ವಿಷಯ: ಕೊಳೆತ ಸಿಲ್ ಮೇಲೆಯೇ ಹೊಸ ತಗಡು ಹೊದಿಸಿ ವೆಲ್ಡ್ ಮಾಡಿ ಮಾರುವವರು ಬಹಳ. ಸಿಲ್ ಸರಿಯಾಗಿ ಬದಲಿಸಬೇಕಾದರೆ ಮುಂದಿನ ವಿಂಗ್ ಬಿಚ್ಚಬೇಕು, ಹಿಂದಿನ ವಿಂಗ್‌ನ ಕೆಳಭಾಗ ಕತ್ತರಿಸಬೇಕು. ಯಾಕೆಂದರೆ ಸಿಲ್‌ನ ಎರಡು ತುದಿಗಳು ಅವುಗಳ ಹಿಂದೆ ಅಡಗಿವೆ. ಆ ಕೆಲಸದ ಫೋಟೋ ಕೇಳಿ. ಫೋಟೋ ಇಲ್ಲದಿದ್ದರೆ ಹೊಸ ಸಿಲ್ ಅನ್ನುವ ಮಾತಿಗೆ ಒಂದು ಪೌಂಡೂ ಜಾಸ್ತಿ ಕೊಡಬೇಡಿ.

ಸೀಟುಗಳ ಹಿಂದಿನ ಜಾಗದಲ್ಲಿ ಕಾರ್ಪೆಟ್ ಎತ್ತಿ ನೋಡುವುದನ್ನೂ ಮರೆಯಬೇಡಿ. ಆ ಕಾಲದ ಎಂಜಿಬಿಗೆ ಆರಾರು ವೋಲ್ಟಿನ ಎರಡು ಬ್ಯಾಟರಿ. ಎರಡೂ ನೆಲದ ಕೆಳಗಿನ ಪೆಟ್ಟಿಗೆಗಳಲ್ಲಿ ಕೂರುತ್ತವೆ. ಆಸಿಡ್ ಒಳಗಿನಿಂದ, ಕೆಸರು ಹೊರಗಿನಿಂದ ತಿಂದಿರುತ್ತದೆ.

ಸಿಲ್ ಹೋಗಿದ್ದರೆ ಮನೆಯಲ್ಲೇ ಮಾಡಬಹುದು, ಆದರೆ ಆತುರ ಬೇಡ. ಒಂದು ಸಲಕ್ಕೆ ಒಂದೇ ಪಕ್ಕ. ಆಕ್ಸಲ್ ಸ್ಟ್ಯಾಂಡುಗಳನ್ನು ಮುಂದೆ ಕ್ರಾಸ್‌ಮೆಂಬರ್ (ಅಡ್ಡ ತೊಲೆ) ಕೆಳಗೆ, ಹಿಂದೆ ಆಕ್ಸಲ್ ಕೆಳಗೆ ಕೊಡಿ. ಆಗ ಕಾರು ರಸ್ತೆಯ ಮೇಲೆ ನಿಂತ ಹಾಗೇ ನಿಲ್ಲುತ್ತದೆ. ಬಾಗಿಲ ಸಂದು ಸರಿ ಇದೆ ಅಂತ ನೋಡಿಕೊಂಡು, ಬಾಗಿಲ ಜಾಗಕ್ಕೆ ಅಡ್ಡಲಾಗಿ ಕಬ್ಬಿಣದ ಪೈಪ್ ವೆಲ್ಡ್ ಮಾಡಿ. ಆಮೇಲೆ ಮಾತ್ರ ಗ್ರೈಂಡರ್ ಹಿಡಿಯಿರಿ. ಆ ಅಡ್ಡ ಪೈಪ್ ಇಲ್ಲದೆ ಕತ್ತರಿಸಿದರೆ ಕಾರು ಬಾಗುತ್ತದೆ. ಹೊಸ ಸಿಲ್ ಹಾಕಿದ ಮೇಲೆ ಅದೇ ಬಾಗಿದ ಆಕಾರದಲ್ಲಿ ಗಟ್ಟಿಯಾಗಿಬಿಡುತ್ತದೆ. ಹೊಸ ತಗಡನ್ನು ಮೊದಲು ಕ್ಲಾಂಪ್‌ನಲ್ಲಿ ಹಿಡಿಸಿ, ಬಾಗಿಲು ಕೂರಿಸಿ, ಸಂದು ನೋಡಿ. ಸರಿಯಿದ್ದರೆ ಅಲ್ಲೊಂದು ಇಲ್ಲೊಂದು ಚುಕ್ಕೆ ವೆಲ್ಡ್. ಒಂದೇ ಕಡೆ ಸುಟ್ಟರೆ ತಗಡು ಸೊಟ್ಟಗಾಗುತ್ತದೆ. ವೆಲ್ಡಿಂಗ್‌ಗೆ ಮುಂಚೆ ಬ್ಯಾಟರಿ ತೆಗೆಯಿರಿ, ಪೆಟ್ರೋಲ್ ಟ್ಯಾಂಕ್ ಇಳಿಸಿ ಗ್ಯಾರೇಜಿನಿಂದ ಹೊರಗಿಡಿ. ತುಕ್ಕು ತಡೆಯಲು ಅಡಿಗೆ ಬಳಿದ ಹಳೇ ಅಂಡರ್‌ಸೀಲ್‌ಗೆ ಬೆಂಕಿ ಬೇಗ ಹತ್ತುತ್ತದೆ, ಫೈರ್ ಎಕ್ಸ್‌ಟಿಂಗ್ವಿಶರ್ ಕೈಗೆ ಸಿಗುವಂತೆ ಇರಲಿ.

ವೆಲ್ಡಿಂಗ್ ಬರದಿದ್ದರೆ ಬಿಚ್ಚುವುದು, ಉಜ್ಜುವುದು, ಅಳತೆ ಹಿಡಿಯುವುದು ನೀವು ಮಾಡಿ. ವೆಲ್ಡರ್ ಒಬ್ಬರನ್ನು ಮನೆಗೇ ಕರೆಸಿ. ಇಡೀ ಬಾಡಿಯೇ ಹೋಗಿದ್ದರೂ ದಾರಿ ಇದೆ. ಬ್ರಿಟಿಷ್ ಮೋಟರ್ ಹೆರಿಟೇಜ್ ಕಂಪನಿ 1988ರಿಂದ ಎಂಜಿಬಿಗೆ ಹೊಸ ಶೆಲ್ (ಬರೀ ಬಾಡಿ) ಮಾಡುತ್ತಿದೆ. ಆದರೆ ಅದು ದುಬಾರಿ. ಅಷ್ಟು ಹಾಳಾದ ಕಾರಿಗಿಂತ ಒಳ್ಳೆಯ ಬಾಡಿ ಇರುವ, ಎಂಜಿನ್ ಕೆಟ್ಟ ಕಾರು ಕೊಳ್ಳಿ.

ಯಾಕೆಂದರೆ ಎಂಜಿನ್ ಬಗ್ಗೆ ನೀವು ಅಷ್ಟು ಹೆದರಬೇಕಿಲ್ಲ. 1798 ಸಿಸಿಯ ಆ ಬಿ-ಸೀರೀಸ್ ಎಂಜಿನ್ ಗಟ್ಟಿ. ಬಿಸಿಯಾದ ಮೇಲೆ ಓಡುವಾಗ ಆಯಿಲ್ ಪ್ರೆಶರ್ 50 ಪಿಎಸ್‌ಐ ಮೇಲಿದ್ದು, ಐಡ್ಲಿಂಗ್‌ನಲ್ಲಿ 15-20 ತೋರಿಸಿದರೆ ಸುಮ್ನೆ ಬಿಚ್ಚಬೇಡಿ. 20ಡಬ್ಲ್ಯೂ-50 ಆಯಿಲ್ ಹಾಕಿ ಓಡಿಸಿ. ಪೆಟ್ರೋಲ್ ಪೈಪುಗಳನ್ನು ಮಾತ್ರ ಬದಲಿಸಿ. 2021ರ ಸೆಪ್ಟೆಂಬರಿನಿಂದ ಇಲ್ಲಿ ಸಾಮಾನ್ಯ ಪೆಟ್ರೋಲ್ ಅಂದರೆ ಇ10, ಶೇಕಡಾ 10ರವರೆಗೆ ಎಥನಾಲ್ ಬೆರೆಸಿದ್ದು. ಆ ಎಥನಾಲ್ ಹಳೇ ರಬ್ಬರನ್ನು ತಿನ್ನುತ್ತದೆ. ನಾನು ಎಥನಾಲ್ ಕಮ್ಮಿ ಇರುವ, ಸೂಪರ್ ದರ್ಜೆಯ ಇ5 ಹಾಕಿಸುತ್ತೇನೆ.

ಕೀ ತಿರುಗಿಸಿದಾಗ ಹಿಂದಿನಿಂದ ಟಿಕ್ ಟಿಕ್ ಸದ್ದು ಬಂದರೆ ಗಾಬರಿಯಾಗಬೇಡಿ. ಅದು ಎಸ್‌ಯು ಕಂಪನಿಯ ಪೆಟ್ರೋಲ್ ಪಂಪ್. ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬುರೇಟರ್ ತುಂಬಿದ ಮೇಲೆ ಸದ್ದು ನಿಲ್ಲಬೇಕು. ನಿಲ್ಲದಿದ್ದರೆ ಎಲ್ಲೋ ಸೋರುತ್ತಿದೆ, ಅಥವಾ ಫ್ಲೋಟ್ ಚೇಂಬರಿನ ಸೂಜಿ ಮುಚ್ಚುತ್ತಿಲ್ಲ.

ಎರಡು ಎಸ್‌ಯು ಕಾರ್ಬುರೇಟರ್ ಕಂಡರೆ ಜನ ಹೆದರುತ್ತಾರೆ. ನನಗೆ ಈ ಕಾರಿನಲ್ಲಿ ಅತಿ ಇಷ್ಟದ ಕೆಲಸ ಅದೇ. ಮೇಲಿನ ಡ್ಯಾಂಪರ್ ಬಿಚ್ಚಿ, ಏರ್ ಫಿಲ್ಟರ್ ತೆಗೆದು, ಬೆರಳಿನಿಂದ ಕಾರ್ಬುರೇಟರಿನೊಳಗಿನ ಪಿಸ್ಟನ್ ಎತ್ತಿ ಬಿಡಿ. ಟಕ್ ಅಂತ ಸ್ಪಷ್ಟವಾಗಿ ಕೆಳಗೆ ಕೂರಬೇಕು. ನಿಧಾನವಾಗಿ ಜಾರಿದರೆ ಒಳಗೆ ಕೊಳೆ ಇದೆ, ಇಲ್ಲವೇ ಜೆಟ್ (ಪೆಟ್ರೋಲ್ ಬರುವ ಸಣ್ಣ ನಳಿಗೆ) ನಡುವಿಗೆ ಇಲ್ಲ. ಆಮೇಲೆ ಎಂಜಿನ್ ಓಡುತ್ತಿರುವಾಗ ಒಂದು ರಬ್ಬರ್ ಟ್ಯೂಬ್ ಕಿವಿಗಿಟ್ಟುಕೊಂಡು ಇನ್ನೊಂದು ತುದಿಯನ್ನು ಎರಡೂ ಕಾರ್ಬುರೇಟರಿನ ಬಾಯಿಗೆ ಹಿಡಿಯುತ್ತಾ ಗಾಳಿಯ ಸದ್ದು ಸಮ ಮಾಡಿ. ಕೊನೆಗೆ ಜೆಟ್ ನಟ್ಟನ್ನು ಒಂದು ಮುಖದಷ್ಟೇ ತಿರುಗಿಸಿ, ಪಿಸ್ಟನ್ನನ್ನು ಕೂದಲೆಳೆಯಷ್ಟು ಎತ್ತಿ ಕೇಳಿ. ಎಂಜಿನ್ ವೇಗ ಏರಿ ಹಾಗೇ ನಿಂತರೆ ಪೆಟ್ರೋಲ್ ಜಾಸ್ತಿ. ತಡವರಿಸಿ ನಿಲ್ಲಲು ಬಂದರೆ ಕಮ್ಮಿ. ಒಂದು ಕ್ಷಣ ಏರಿ ಮತ್ತೆ ಮೊದಲಿನಂತಾದರೆ ಸರಿ. ಕಂಪ್ಯೂಟರ್ ಬೇಡ, ಕಿವಿ ಸಾಕು.

ಬ್ರೇಕ್ ವಿಷಯದಲ್ಲಿ ಉಳಿತಾಯ ಬೇಡವೇ ಬೇಡ. ರಬ್ಬರ್ ಹೋಸ್, ವೀಲ್ ಸಿಲಿಂಡರ್, ಸೀಲ್, ಪೈಪು ಎಲ್ಲ ಹೊಸದು ಹಾಕಿ. ಹಳೇ ಬ್ರೇಕ್ ಶೂಗಳಲ್ಲಿ ಆಸ್ಬೆಸ್ಟಾಸ್ ಇರಬಹುದು. ಆ ಧೂಳನ್ನು ಗಾಳಿ ಹೊಡೆದು ಊದಬೇಡಿ, ಮಾಸ್ಕ್ ಹಾಕಿ ಒದ್ದೆ ಬಟ್ಟೆಯಲ್ಲಿ ಒರೆಸಿ. ಸ್ಪಾನರ್ ಇಂಚಿನದ್ದೇ ಕೊಳ್ಳಿ. ಅರ್ಧ ಇಂಚಿನ ಬೋಲ್ಟಿಗೆ 13 ಮಿಲಿಮೀಟರಿನದ್ದು ಹೊಂದಿದಂತೆ ಕಾಣುತ್ತದೆ, ಆದರೆ ಸಡಿಲ. ತುಕ್ಕು ಹಿಡಿದ ಬೋಲ್ಟಿನ ಮೂಲೆಗಳನ್ನು ಸವೆಸಿಬಿಡುತ್ತದೆ.

ಕಾಗದ ಪತ್ರ ಸುಲಭ. ಕೆಲಸ ಮುಗಿಯುವವರೆಗೆ ವಾಹನ ನೋಂದಣಿ ಇಲಾಖೆಯಾದ ಡಿವಿಎಲ್‌ಎಗೆ ಸಾರ್ನ್ (ಕಾರು ರಸ್ತೆಗಿಳಿಯುವುದಿಲ್ಲ ಎಂಬ ಘೋಷಣೆ) ಹೇಳಿ ಮನೆಯೊಳಗಿಡಿ. 40 ವರ್ಷ ದಾಟಿದ ಕಾರಾದ್ದರಿಂದ ಹಿಸ್ಟಾರಿಕ್ ವರ್ಗಕ್ಕೆ ಬದಲಿಸಿದರೆ ಟ್ಯಾಕ್ಸ್ ಸೊನ್ನೆ. ಸೊನ್ನೆಯಾದರೂ ಪ್ರತಿ ವರ್ಷ ಅರ್ಜಿ ಹಾಕಲೇಬೇಕು. ಕಾರಿನಲ್ಲಿ ದೊಡ್ಡ ಬದಲಾವಣೆ ಮಾಡಿಲ್ಲದಿದ್ದರೆ ಎಂಒಟಿ ಅನ್ನುವ ವಾರ್ಷಿಕ ತಪಾಸಣೆಯೂ ಕಡ್ಡಾಯವಲ್ಲ. ಆದರೆ ನೀವೇ ವೆಲ್ಡ್ ಮಾಡಿದ ಕಾರನ್ನು ಇನ್ನೊಬ್ಬರು ಕೆಳಗಿನಿಂದ ನೋಡಿದರೆ ಒಳ್ಳೆಯದಲ್ವಾ? ನಾನು ಈಗಲೂ ಎಂಒಟಿ ಮಾಡಿಸುತ್ತೇನೆ.

ಪೇಂಟ್ ಕೊನೆಗೆ. ಹೊಸ ತಗಡಿಗೆ ಪ್ರೈಮರ್ ಹೊಡೆದು ಒಂದು ಬೇಸಿಗೆ ಹೇಗಿದೆಯೋ ಹಾಗೇ ಓಡಿಸಿ. ಎಲ್ಲಿ ಆಯಿಲ್ ಸೋರುತ್ತದೆ, ಯಾವ ಬಾಗಿಲು ಉಜ್ಜುತ್ತದೆ ಎಲ್ಲ ಆಗ ಗೊತ್ತಾಗುತ್ತದೆ. ಅದನ್ನೆಲ್ಲ ಸರಿಮಾಡಿ, ಪೇಂಟ್ ಮಾಡಿಸಿ, ಸಿಲ್ ಒಳಗೆ ವ್ಯಾಕ್ಸ್ ಹೊಡೆಯಿರಿ. ಕಾರು ನೋಡಲು ಹೋದಾಗ ಬಾಗಿಲ ಸಂದಿನದ್ದೂ ಸಿಲ್‌ನ ಅಡಿಯದ್ದೂ ಫೋಟೋ ತೆಗೆದು ಇಲ್ಲೇ ಹಾಕಿ, ನೋಡಿ ಹೇಳುತ್ತೇನೆ.